ಕುಶಾಲನಗರಕ್ಕೆ ಮಣಿಪುರದಿಂದ ಎರಡು ಕುಟುಂಬ ಬಂದಿವೆ. ಮೊದಲ ತಿಂಗಳು ನಾವು ಏನು ಮಾಡಬೇಕು?

ಕಾವೇರಿ ದಡ (ಕುಶಾಲನಗರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಮ್ಮದು ಸಣ್ಣ ಬಳಗ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಇಲ್ಲಿನ ಶಿಬಿರದಲ್ಲಿ ಅಡುಗೆಗೆ ನಿಂತಿದ್ದ ಹನ್ನೊಂದು ಜನ ಸೇರಿ ಮಾಡಿಕೊಂಡದ್ದು. ಆಫೀಸು ಇಲ್ಲ, ಬೋರ್ಡು ಇಲ್ಲ. ಒಬ್ಬರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಂಬಳಿ, ಪಾತ್ರೆ, ಬಕೆಟ್ ಜೋಡಿಸಿಟ್ಟಿರುತ್ತೇವೆ. ಮಳೆಗಾಲದಲ್ಲಿ ಯಾರ ಮನೆಗೆ ನೀರು ನುಗ್ಗಿದರೂ ಹೋಗಿ ಕೊಟ್ಟು ಬರುತ್ತೇವೆ. ನಮಗೆ ಗೊತ್ತಿರುವ ಕೆಲಸ ಅಷ್ಟೇ.

ಈಗ ಬಂದಿರುವುದು ಬೇರೆ ಥರ. ಮಣಿಪುರದಿಂದ ಎರಡು ಕುಟುಂಬ ಬಂದಿವೆ, ಒಟ್ಟು ಒಂಬತ್ತು ಜನ. 2023ರ ಮೇ 3ರಂದು ಅಲ್ಲಿ ಶುರುವಾದ ಹಿಂಸೆಯಲ್ಲಿ ಮನೆ ಕಳೆದುಕೊಂಡವರು. ತುಂಬಾ ದಿನ ಅಲ್ಲೇ ಶಿಬಿರದಲ್ಲಿದ್ದರಂತೆ. ಮನೆಯ ಇಬ್ಬರು ಹೆಣ್ಣುಮಕ್ಕಳು ಅಕ್ಕ ತಂಗಿ. ಅವರ ತಮ್ಮ ನಮ್ಮ ಕಡೆಯ ಒಂದು ಹೋಂಸ್ಟೇಯಲ್ಲಿ ಅಡುಗೆ ಕೆಲಸಕ್ಕಿದ್ದಾನೆ. ಅವನ ಮಾತು ನಂಬಿ ಹೊರಟು ಬಂದಿದ್ದಾರೆ. ಮೈಸೂರಿನಲ್ಲಿ ರೈಲು ಇಳಿದು, ಅಲ್ಲಿಂದ ಕೆಂಪು ಬಸ್ಸಿನಲ್ಲಿ ಇಲ್ಲಿಗೆ ಬಂದಾಗ ರಾತ್ರಿ ಒಂಬತ್ತು ಗಂಟೆ. ಜೋರು ಮಳೆ. ನಾವು ಮೂವರು ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ಕಾಯುತ್ತಿದ್ದೆವು.

ಅಕ್ಕ, ಅವಳ ಗಂಡ, ಮೂರು ಮಕ್ಕಳು: 12, 8, 3 ವರ್ಷ. ತಂಗಿ ಏಳು ತಿಂಗಳ ಬಸುರಿ. ಅವಳ ಜೊತೆ ಗಂಡ, ಅತ್ತೆ, 16 ವರ್ಷದ ಮೈದುನ.

ಸದ್ಯಕ್ಕೆ ಎರಡು ಕೋಣೆಯ ಬಾಡಿಗೆ ಮನೆ ಹಿಡಿದುಕೊಟ್ಟಿದ್ದೇವೆ. ಅಕ್ಕಿ, ಸಾಮಾನು, ಹಾಸಿಗೆ ಆಯಿತು. ಆಮೇಲೆ ಏನು ಮಾಡಬೇಕು ಅಂತ ತೋಚುತ್ತಿಲ್ಲ. ನಮ್ಮಲ್ಲಿ ಕೆಲವರು ಇನ್ನೊಂದಿಷ್ಟು ಬಟ್ಟೆ, ಟಿವಿ, ಮಿಕ್ಸಿ ಕೂಡಿಸೋಣ ಅಂತಾರೆ. ನನಗೆ ಯಾಕೋ ಅದಲ್ಲ ಅನ್ನಿಸುತ್ತಿದೆ. ನಿಮ್ಮಲ್ಲಿ ಇಂಥ ಕೆಲಸ ಮಾಡಿದವರು ಇದ್ದರೆ, ಅಥವಾ ನೀವೇ ಒಂದು ದಿನ ಹೀಗೆ ಬಂದಿಳಿದವರಾದರೆ, ಮೊದಲ ತಿಂಗಳು ಏನು ಬೇಕಾಗುತ್ತದೆ ಹೇಳಿ.

ಜಂಬೂರು ಮನೆ

ಅಕ್ಕ, ನಾನು ಹಾಗೆ ಬಂದಿಳಿದವಳೇ. ನಮ್ಮದು ಮಕ್ಕಂದೂರು ಕಡೆ. 2018ರಲ್ಲಿ ಮನೆ, ಒಂದೂವರೆ ಎಕರೆ ತೋಟ, ಕೊಟ್ಟಿಗೆ ಎಲ್ಲಾ ಒಂದೇ ಬೆಳಿಗ್ಗೆ ಹೋಯಿತು. ಉಟ್ಟ ಬಟ್ಟೆಯಲ್ಲಿ ನಡೆದು ಶಿಬಿರ ಸೇರಿದೆವು. ಆಮೇಲೆ ಬಾಡಿಗೆ ಮನೆ. ಆಮೇಲೆ ಜಂಬೂರಿನಲ್ಲಿ ಕಟ್ಟಿಕೊಟ್ಟ ಮನೆ. ಈಗ ಅಲ್ಲೇ ಇದ್ದೇವೆ.

ಶಿಬಿರಕ್ಕೆ ಲಾರಿಗಟ್ಟಲೆ ಬಟ್ಟೆ ಬಂತು. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದರು, ಗೊತ್ತು. ಆದರೆ ಗುಡ್ಡೆ ಹಾಕಿದ ಬಟ್ಟೆಯಲ್ಲಿ ಕೈ ಹಾಕಿ ಹುಡುಕುವುದಿದೆಯಲ್ಲ, ಅದನ್ನು ಯಾರಿಗೂ ಮಾಡಿಸಬೇಡಿ. ನನ್ನ ಅತ್ತೆ ಅಲ್ಲಿಯವರೆಗೆ ಅತ್ತಿರಲಿಲ್ಲ. ಗುಡ್ಡ ಬಿದ್ದಾಗಲೂ ಅತ್ತಿರಲಿಲ್ಲ. ಆ ರಾಶಿಯಿಂದ ಯಾರೋ ಉಟ್ಟುಬಿಟ್ಟ ಸೀರೆ ಎತ್ತಿಕೊಳ್ಳುವಾಗ ಅತ್ತರು.

ನಮಗೆ ಬೇಕಿದ್ದದ್ದು ಬೇರೆ. ಅತ್ತೆಯ ಬಿಪಿ ಮಾತ್ರೆ. ಹೆಣ್ಣುಮಕ್ಕಳಿಗೆ ಪ್ಯಾಡ್. ನಮ್ಮ ಅಳತೆಯ ಒಳಉಡುಪು. ಫೋನ್ ಚಾರ್ಜರ್. ಎಲ್ಲಕ್ಕಿಂತ ಜಾಸ್ತಿ ಬೇಕಿದ್ದದ್ದು ಗೊತ್ತಿರುವ ಒಬ್ಬ ಮನುಷ್ಯ. ಯಾವ ಕೌಂಟರ್, ಯಾವ ಅರ್ಜಿ, ಯಾರ ಸಹಿ ಅಂತ ಹೇಳುವವರು. ಶಿಬಿರದಲ್ಲಿ ಒಬ್ಬರು ಮೇಡಂ ಇದ್ದರು. ದಿನಾ ಸಂಜೆ ಬಂದು ನಮ್ಮ ಚಾಪೆಯ ಮೇಲೆ ಕೂರುತ್ತಿದ್ದರು. ಏನೂ ತರುತ್ತಿರಲಿಲ್ಲ. ಕೈಯಲ್ಲಿ ಒಂದು ನೋಟ್‌ಬುಕ್. "ನಾಳೆ ಏನು ಕೆಲಸ ಇದೆ, ಹೇಳಿ" ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಮರುದಿನ ಜೊತೆಗೆ ಬರುತ್ತಿದ್ದರು. ರೇಷನ್ ಕಾರ್ಡ್, ಮಗಳ ಮಾರ್ಕ್ಸ್ ಕಾರ್ಡ್, ತೋಟದ ಆರ್‌ಟಿಸಿ ಎಲ್ಲಾ ಹೊಸದಾಗಿ ಮಾಡಿಸಿಕೊಂಡದ್ದು ಅವರ ಜೊತೆ ಓಡಾಡಿ. ಬಕೆಟ್ ಕೊಟ್ಟವರ ಮುಖ ಒಂದೂ ನೆನಪಿಲ್ಲ. ಅವರ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನೊಂದು ಮಾತು. ಫೋಟೋ ತೆಗೆಯಬೇಡಿ. ಒಂದು ಬಕೆಟ್ ಕೊಡಲು ಆರು ಜನ ಬಂದು ನಿಂತು ಫೋಟೋ ತೆಗೆಸಿಕೊಂಡದ್ದಿದೆ. ಮರುದಿನ ಅದು ನನ್ನ ತವರಿನವರ ಫೋನಿಗೆ ಹೋಗಿತ್ತು. ನಾವು ಬದುಕಿದ್ದೇವೆ ಅಂತ ಅಮ್ಮನಿಗೆ ಮೊದಲು ಗೊತ್ತಾಗಿದ್ದು ನಾನು ಕೈ ಚಾಚಿ ನಿಂತ ಫೋಟೋದಿಂದ.

ಕಾವೇರಿ ದಡ

ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಾವೂ ಒಂದು ಗ್ರೂಪ್ ಫೋಟೋ ತೆಗೆದಿದ್ದೆವು. ಈಗಷ್ಟೇ ನಮ್ಮ ವಾಟ್ಸಾಪಿನಿಂದ ಅಳಿಸಿದೆ. ನೋಟ್‌ಬುಕ್ ವಿಷಯ ನಾಳೆಯಿಂದಲೇ ಶುರು ಮಾಡುತ್ತೇವೆ.

ಮೇಷ್ಟ್ರು (ಸುಂಟಿಕೊಪ್ಪ)

ಮೊದಲು ಮಕ್ಕಳ ಶಾಲೆ ನೋಡಿ. ಶಾಲೆ ಶುರುವಾಗಿ ಎರಡು ವಾರವಾಯಿತು ಅಂತ ಹಿಂಜರಿಯಬೇಡಿ.

6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆ 2009 ಇದೆ. ಟಿಸಿ ಇಲ್ಲ, ತಡವಾಗಿ ಬರುತ್ತದೆ ಅನ್ನುವ ಕಾರಣಕ್ಕೆ ದಾಖಲಾತಿ ನಿಲ್ಲಿಸುವ ಹಾಗಿಲ್ಲ. ಜನನ ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಕಳಿಸುವ ಹಾಗೂ ಇಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. 12 ವರ್ಷದವನಿಗೆ ಕನ್ನಡ ಬರಲ್ಲ ಅಂತ ಒಂದನೇ ಕ್ಲಾಸಿನಲ್ಲಿ ಕೂರಿಸುವುದು ತಪ್ಪು. ಹಿಂದೆ ಬಿದ್ದಿದ್ದರೆ ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಯಾವ ಶಾಲೆಯವರಾದರೂ ಕಾಗದ ಕೇಳಿ ಹಿಂದೆ ಕಳಿಸಿದರೆ ಜಗಳಕ್ಕೆ ಹೋಗಬೇಡಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಮೆತ್ತಗೆ ಇದನ್ನು ಹೇಳಿ, ಆಗುತ್ತದೆ.

8 ವರ್ಷದ ಮಗುವಿಗೆ ಒಂದು ಅನುಕೂಲ ಇದೆ. ನಮ್ಮ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಲ್ಲಿ ನಲಿಕಲಿ ಇದೆ. ಕಾರ್ಡ್ ಹಿಡಿದು ಮೆಟ್ಟಿಲು ಹತ್ತಿದ ಹಾಗೆ ಮಗು ತನ್ನ ವೇಗದಲ್ಲಿ ಕಲಿಯುತ್ತಾ ಹೋಗುತ್ತದೆ. ಭಾಷೆ ಬಾರದ ಮಗುವಿಗೆ ಇದು ತುಂಬಾ ಒಳ್ಳೆಯದು. ನನ್ನ ತರಗತಿಯಲ್ಲಿ ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು ಇದ್ದಾರೆ. ಮೂರು ತಿಂಗಳಲ್ಲಿ ಆಟದ ಮೈದಾನದಿಂದ ಕನ್ನಡ ಎತ್ತಿಕೊಂಡು ಬಿಡುತ್ತಾರೆ. ಬರೆಯಲು ಜಾಸ್ತಿ ಸಮಯ ಬೇಕು.

16 ವರ್ಷದ ಹುಡುಗನದ್ದೇ ಚಿಂತೆ. ಆ ಕಾಯ್ದೆ ಅವನಿಗೆ ಬರಲ್ಲ. ಹತ್ತನೇ ತರಗತಿ ಮುಗಿದಿಲ್ಲ ಅಂದರೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಹೊರಗಿನಿಂದ ಕಟ್ಟಿಸಬಹುದು. ಇಂಗ್ಲಿಷಿನಲ್ಲಿ ಬರೆಯಬಹುದು. ಅವನನ್ನು ಹೀಗೇ ಬಿಟ್ಟರೆ ಒಂದು ತಿಂಗಳಲ್ಲಿ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿರುತ್ತಾನೆ. ಮತ್ತೆ ಪುಸ್ತಕ ಹಿಡಿಯಲ್ಲ. ಭಾನುವಾರ ಅವನನ್ನು ನನ್ನ ಹತ್ತಿರ ಕಳಿಸಿ. ಗಣಿತ ನಾನು ನೋಡಿಕೊಳ್ಳುತ್ತೇನೆ.

ಸಿಸ್ಟರ್ (ಸೋಮವಾರಪೇಟೆ)

ಏಳು ತಿಂಗಳ ಬಸುರಿ ಅಂದಿರಿ. ಉಳಿದದ್ದೆಲ್ಲಾ ಆಮೇಲೆ. ನಾಳೆಯೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ತಾಯಿ ಕಾರ್ಡ್ ಮಾಡಿಸಿ. ಆಶಾ ಕಾರ್ಯಕರ್ತೆಗೆ ಮನೆ ತೋರಿಸಿ. ರಕ್ತ ಎಷ್ಟಿದೆ, ಬಿಪಿ ಎಷ್ಟಿದೆ, ಟಿಟಿ ಇಂಜೆಕ್ಷನ್ ಆಗಿದೆಯಾ ನೋಡಬೇಕು. ಹಳೆಯ ಚೀಟಿ ಒಂದೂ ಇಲ್ಲದಿದ್ದರೆ ಇಲ್ಲ ಅಂತ ನೇರವಾಗಿ ಹೇಳಿ. ಊಹೆ ಮಾಡಿ ದಿನಾಂಕ ಬರೆಸಬೇಡಿ. ಮಳೆಗಾಲದಲ್ಲಿ ರಾತ್ರಿ ಹೊತ್ತು ನೋವು ಬಂದರೆ ಯಾರ ಗಾಡಿ, ಯಾವ ಆಸ್ಪತ್ರೆ ಅಂತ ಈಗಲೇ ಮಾತಾಡಿಟ್ಟುಕೊಳ್ಳಿ. 108 ನಂಬರ್ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.

ಅಂಗನವಾಡಿಗೂ ಹೆಸರು ಕೊಡಿ. ಬಸುರಿಯರಿಗೆ ಮಾತೃಪೂರ್ಣ ಯೋಜನೆಯ ಊಟ ಇದೆ. ಮೂರು ವರ್ಷದ ಮಗುವಿಗೂ ಅಲ್ಲೇ ಜಾಗ. ನಾಲ್ಕು ಜನ ಹೆಂಗಸರ ಪರಿಚಯವೂ ಅಲ್ಲೇ ಆಗುತ್ತದೆ.

ಒಂದು ಕೋರಿಕೆ. ಆಸ್ಪತ್ರೆಯಲ್ಲಿ ಆ 12 ವರ್ಷದ ಮಗುವಿನಿಂದ ಮಾತು ಅನುವಾದ ಮಾಡಿಸಬೇಡಿ. ಎಲ್ಲರೂ ಹಾಗೇ ಮಾಡುತ್ತಾರೆ, ಮಗುವಿಗೆ ಹಿಂದಿ ಬರುತ್ತದೆ ಅಂತ. ಚಿಕ್ಕಮ್ಮನ ದೇಹದ ವಿಷಯ, ಮನೆ ಸುಟ್ಟ ರಾತ್ರಿಯ ವಿಷಯ ಮಗುವಿನ ಬಾಯಿಂದ ಬರಬಾರದು. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಮೈತೇಯಿ ಭಾಷೆಯೂ ಇದೆ, ಮಿಜೋ ಭಾಷೆಯೂ ಇದೆ. ಸಣ್ಣ ಮಾತಿಗೆ ಸಾಕು. ದೊಡ್ಡ ಮಾತಿಗೆ ಅವರ ತಮ್ಮನನ್ನೋ ಹಿಂದಿ ಬರುವ ಒಬ್ಬ ಹೆಂಗಸನ್ನೋ ಕರೆದುಕೊಂಡು ಹೋಗಿ.

ರಾತ್ರಿ ನಿದ್ದೆ ಬರುತ್ತಿಲ್ಲ, ಶಬ್ದಕ್ಕೆ ಬೆಚ್ಚುತ್ತಾರೆ ಅಂದರೆ ಅದು ಕಾಯಿಲೆ ಅಂತ ಹೆದರಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ, ಹಲವು ಭಾಷೆಯಲ್ಲಿ ಮಾತಾಡುತ್ತಾರೆ.

ಸಿದ್ದಾಪುರ ಕಡೆಯವನು

ನನ್ನ ಮಾತು ಕೆಲವರಿಗೆ ಬೇಸರ ಆಗಬಹುದು. ಆದರೂ ಹೇಳುತ್ತೇನೆ.

ನಾನು ಕರಡಿಗೋಡಿನವನು. 2019ರ ಆಗಸ್ಟ್‌ನಲ್ಲಿ ಕಾವೇರಿ ನಮ್ಮ ಮನೆಯೊಳಗೆ ಬಂದಳು. ಗೋಡೆ ಬಿತ್ತು. ಅದಾದ ಮೇಲೆ ಪ್ರತಿ ಮಳೆಗಾಲವೂ ಗಂಟು ಮೂಟೆ ಕಟ್ಟಿಟ್ಟುಕೊಂಡು ಮಲಗುತ್ತೇವೆ. ನೀರು ಏರಿದರೆ ಶಾಲೆಯಲ್ಲಿ ನಾಲ್ಕು ದಿನ, ಇಳಿದರೆ ಮತ್ತೆ ಅದೇ ಮನೆ. ನನ್ನ ಹೆಂಡತಿ ಜೂನ್ ಬಂತು ಅಂದರೆ ಊಟ ಬಿಡುತ್ತಾಳೆ. ಇಲ್ಲಿರುವವರಿಗೇ ಇನ್ನೂ ನೆಲೆ ಆಗಿಲ್ಲ. ಅಷ್ಟು ದೂರದಿಂದ ಬಂದವರಿಗೆ ಬಾಡಿಗೆ ಮನೆ ಹಿಡಿದುಕೊಡಲು ಹಣ ಇದೆ, ಜನ ಇದ್ದಾರೆ. ನಮ್ಮ ಬಾಗಿಲಿಗೆ ಯಾಕೆ ಯಾರೂ ನೋಟ್‌ಬುಕ್ ಹಿಡಿದು ಬರಲಿಲ್ಲ? ಆ ಕುಟುಂಬದ ಮೇಲೆ ನನಗೆ ಸಿಟ್ಟಿಲ್ಲ. ಪ್ರಶ್ನೆ ಮಾತ್ರ ಇದೆ.

ಜಂಬೂರು ಮನೆ

ಅಣ್ಣ, ನಿಮ್ಮ ಪ್ರಶ್ನೆ ಸರಿಯಾಗಿದೆ. ನಿಮಗೆ ಸಿಗಬೇಕಾದದ್ದು ಸಿಕ್ಕಿಲ್ಲ. ನನಗೆ ಕಷ್ಟಪಟ್ಟಾದರೂ ಮನೆ ಸಿಕ್ಕಿತು. ನಿಮಗೆ ಸಿಗಲಿಲ್ಲ ಅಂದರೆ ಅದಕ್ಕೆ ನಾನು ಕಾರಣ ಅಲ್ಲ. ಹಾಗೇ ಆ ಬಸುರಿ ಹುಡುಗಿಯೂ ಕಾರಣ ಅಲ್ಲ.

ನಾವು ಬಾಡಿಗೆ ಮನೆಗೆ ಬಂದಾಗ ಪಕ್ಕದ ಬೀದಿಯವರು ಇದೇ ಮಾತು ಹೇಳಿದ್ದರು. "ಗುಡ್ಡದವರು ಬಂದರು, ಬಾಡಿಗೆ ಜಾಸ್ತಿ ಆಯಿತು" ಅಂತ. ಸರ್ಕಾರ ಸಂತ್ರಸ್ತರಿಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಕೊಡುತ್ತದೆ ಅಂತ ತಿಳಿದ ಮೇಲೆ ಕೆಲವರು ಬಾಡಿಗೆ ಏರಿಸಿದ್ದೂ ನಿಜ. ಅದನ್ನು ಏರಿಸಿದ್ದು ಮನೆ ಯಜಮಾನರು. ಬೈಗುಳ ತಿಂದದ್ದು ನಾವು. ಒಂದೇ ಜಿಲ್ಲೆ, ಒಂದೇ ಭಾಷೆ. ಆದರೂ ನಾವು ಹೊರಗಿನವರಾಗಿದ್ದೆವು. ಅದಕ್ಕೇ ಇವರ ವಿಷಯ ಕೇಳಿದಾಗ ನನಗೆ ಹೊಟ್ಟೆಯೊಳಗೆ ಹಿಂಡಿದ ಹಾಗಾಯಿತು.

ಕಾವೇರಿ ದಡ

ಸಿದ್ದಾಪುರದ ಅಣ್ಣ, ನಿಮಗೆ ಉತ್ತರ ಕೊಡಬೇಕಾದದ್ದು ನಾವು. ನದಿ ದಡದ ಮನೆಗಳಿಗೆ ನಾವು ನೀರು ಬಂದ ದಿನ ಬರುತ್ತೇವೆ, ಕಂಬಳಿ ಕೊಟ್ಟು ಹೋಗುತ್ತೇವೆ. ನೀರು ಇಳಿದ ಮೇಲೆ ಬಂದದ್ದೇ ಇಲ್ಲ. ಇದು ನಮ್ಮ ತಪ್ಪು. ನಿನ್ನೆ ರಾತ್ರಿ ಬಳಗದಲ್ಲಿ ಕೂತು ಮಾತಾಡಿದೆವು. ನಮ್ಮಲ್ಲಿ ಇಬ್ಬರು ಈ ಮಳೆಗಾಲ ಪೂರ್ತಿ ನಿಮ್ಮ ಕಡೆಗೇ ಇರುತ್ತಾರೆ. ಈ ಭಾನುವಾರ ಬರುತ್ತಾರೆ, ನೋಟ್‌ಬುಕ್ ಹಿಡಿದೇ ಬರುತ್ತಾರೆ. ಯಾರ ಅರ್ಜಿ ಎಲ್ಲಿ ನಿಂತಿದೆ ಅಂತ ಮನೆ ಮನೆಗೆ ಹೋಗಿ ಬರೆದುಕೊಳ್ಳೋಣ. ನೀವೂ ಜೊತೆಗೆ ಬರಬೇಕು.

ಹಳೇ ವಕೀಲ (ಮಡಿಕೇರಿ)

ಈ ಎರಡು ವಿಷಯವೂ ಒಂದೇ ಬಾಗಿಲಿಗೆ ಬರುತ್ತವೆ. ಆದ್ದರಿಂದ ಬರೆಯುತ್ತಿದ್ದೇನೆ.

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಸೆಕ್ಷನ್ ನೋಡಿ. ಉಚಿತ ವಕೀಲರು ಯಾರಿಗೆ ಸಿಗುತ್ತಾರೆ ಅಂತ ಅಲ್ಲಿ ಪಟ್ಟಿ ಇದೆ. ಹೆಣ್ಣುಮಕ್ಕಳು, ಮಕ್ಕಳು ಇದ್ದಾರೆ. ಅದರಲ್ಲೇ ಪ್ರವಾಹಕ್ಕೆ ಸಿಕ್ಕವರು, ಜನಾಂಗೀಯ ಹಿಂಸೆಗೆ ಸಿಕ್ಕವರು ಇಬ್ಬರೂ ಒಂದೇ ಸಾಲಿನಲ್ಲಿ ಇದ್ದಾರೆ. ಕರಡಿಗೋಡಿನ ಅಣ್ಣನಿಗೂ ಮಣಿಪುರದ ಅಕ್ಕನಿಗೂ ಒಂದೇ ಕಾನೂನು, ಒಂದೇ ಕಚೇರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮಡಿಕೇರಿಯಲ್ಲಿ ಇದೆ. ಸಹಾಯವಾಣಿ 15100.

ಇನ್ನು ಕಾಗದ ಪತ್ರ. ಬಂದವರು ಈ ದೇಶದ ಪ್ರಜೆಗಳು, ಅದನ್ನು ಎಲ್ಲರೂ ನೆನಪಿಡಿ. ಆಧಾರ್ ಕಾರ್ಡ್ ಸುಟ್ಟುಹೋಗಿದ್ದರೂ ನಂಬರ್ ಸುಟ್ಟಿಲ್ಲ. ಆಧಾರ್ ಕೇಂದ್ರದಲ್ಲಿ ಬೆರಳು ಇಟ್ಟು ವಾಪಸ್ ಪಡೆಯಬಹುದು. ಸಂದೇಹ ಇದ್ದರೆ 1947ಕ್ಕೆ ಫೋನ್ ಮಾಡಿ.

ರೇಷನ್ ವಿಷಯದಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಅವರ ರಾಜ್ಯದ ಕಾರ್ಡ್ ಆಹಾರ ಭದ್ರತಾ ಕಾಯ್ದೆಯದ್ದಾಗಿದ್ದು ಆಧಾರ್ ಜೋಡಣೆ ಆಗಿದ್ದರೆ, ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಹೆಬ್ಬೆಟ್ಟು ಒತ್ತಿ ಧಾನ್ಯ ಪಡೆಯಬಹುದು. ಬಿಪಿಎಲ್ ಥರದ ಕಾರ್ಡ್ ಆದರೆ ಒಬ್ಬರಿಗೆ ತಿಂಗಳಿಗೆ 5 ಕೆಜಿ. ಅಲ್ಲೇ ಉಳಿದ ಮನೆಯವರು ಇದ್ದರೆ ಅವರ ಪಾಲು ಅವರು ಅಲ್ಲಿ ತೆಗೆದುಕೊಳ್ಳಬಹುದು. ಕಾರ್ಡ್ ಕೈಯಲ್ಲಿ ಇಲ್ಲದಿದ್ದರೆ ನಂಬರ್ ಸಾಕು.

ಕಾವೇರಿ ದಡ

ಬಸ್ಸಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಇವತ್ತು ಅಕ್ಕನನ್ನು ಕರೆದುಕೊಂಡು ಮಡಿಕೇರಿಗೆ ಹೋದೆ. ಹೆಂಗಸರಿಗೆ ಬಸ್ಸು ಫ್ರೀ ಅಂತ ಅವಳಿಗೆ ಯಾರೋ ಹೇಳಿದ್ದರು. ಆಧಾರ್ ತೋರಿಸಿದಳು. ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇರುವವರಿಗೆ ಮಾತ್ರ, ಅದು ನನಗೂ ಹೊಳೆದಿರಲಿಲ್ಲ. ಕಂಡಕ್ಟರ್ ಏನೂ ಕೆಟ್ಟದಾಗಿ ಹೇಳಲಿಲ್ಲ, ಟಿಕೆಟ್ ತೆಗೆದುಕೊಳ್ಳಿ ಅಂದರು ಅಷ್ಟೇ. ಆದರೆ ಬಸ್ಸು ಪೂರ್ತಿ ತಿರುಗಿ ನೋಡಿತು. ಅವಳು ಇಳಿಯುವವರೆಗೆ ತಲೆ ಎತ್ತಲಿಲ್ಲ. ಇಂಥ ಸಣ್ಣ ವಿಷಯ ಮೊದಲೇ ಹೇಳಿರಬೇಕಿತ್ತು. ಬೇರೆ ಯಾರಾದರೂ ಹೊಸಬರನ್ನು ಕರೆದುಕೊಂಡು ಹೋಗುವವರಿದ್ದರೆ ಇದನ್ನು ನೆನಪಿಡಿ.

ಬೈಲುಕುಪ್ಪೆ ಹುಡುಗ

ನಾನು ಟಿಬೆಟಿಯನ್. ಹುಟ್ಟಿದ್ದು ಬೈಲುಕುಪ್ಪೆಯಲ್ಲಿ, ಕನ್ನಡ ಕಲಿತದ್ದು ಕುಶಾಲನಗರದ ಬೀದಿಯಲ್ಲಿ. ತಪ್ಪಿದ್ದರೆ ಕ್ಷಮಿಸಿ.

ನಮ್ಮ ಅಜ್ಜಿ 1960ರ ದಶಕದ ಶುರುವಿನಲ್ಲಿ ಬಂದವರು. ಅದಕ್ಕೆ ಮೊದಲು ಹಿಮಾಚಲದ ಕಡೆ ರಸ್ತೆ ಕೆಲಸ, ಕಲ್ಲು ಒಡೆಯುವುದು. ಇಲ್ಲಿಗೆ ಬಂದಾಗ ಡೇರೆ, ಸುತ್ತ ಕಾಡು. ಮೈಸೂರು ರಾಜ್ಯ ಜಮೀನು ಕೊಟ್ಟಿತ್ತು, ಆದರೆ ಕಾಡು ಕಡಿದು ಹೊಲ ಮಾಡಬೇಕಿತ್ತು. ಸೆಕೆ ತಡೆಯಲಾರದೆ, ಕಾಯಿಲೆ ಬಂದು ಎಷ್ಟೋ ಜನ ತೀರಿಕೊಂಡರಂತೆ. ರಾತ್ರಿ ಆನೆ ಬರುತ್ತಿತ್ತು. ಅಜ್ಜಿ ಆನೆಯನ್ನು ಅದಕ್ಕೆ ಮೊದಲು ನೋಡಿರಲೇ ಇಲ್ಲ. ನಮ್ಮ ಊರಿಗೆ ಲುಗ್ಸುಂ ಸಾಮ್ದುಪ್ಲಿಂಗ್ ಅಂತ ಹೆಸರಿಟ್ಟರು. 1969ರಲ್ಲಿ ಪಕ್ಕದಲ್ಲೇ ಡಿಕ್ಯಿ ಲಾರ್ಸೋ ಅಂತ ಇನ್ನೊಂದು ಆಯಿತು. ಈಗ ಹೆಸರಾಗಿರುವ ಮೈರಾಡ ಸಂಸ್ಥೆ 1968ರಲ್ಲಿ ಶುರುವಾಗಿದ್ದೇ ನಮ್ಮವರಿಗೆ ನೆಲೆ ಮಾಡಿಕೊಡುವ ಕೆಲಸಕ್ಕೆ.

ಆದರೆ ಅಜ್ಜಿ ಸಾಯುವವರೆಗೂ ಹೇಳುತ್ತಿದ್ದದ್ದು ಒಬ್ಬ ಅಂಗಡಿಯಮ್ಮನ ಕಥೆ. ಸಂತೆಯಲ್ಲಿ ಉಪ್ಪು, ಮೆಣಸು ಮಾರುತ್ತಿದ್ದವರು. ಅಜ್ಜಿಗೆ ಲೆಕ್ಕ ಬರುತ್ತಿರಲಿಲ್ಲ, ಅಂಗೈ ಮೇಲೆ ದುಡ್ಡು ಹರಡಿ ಹಿಡಿಯುತ್ತಿದ್ದರು, ಬೇಕಾದ್ದು ತೆಗೆದುಕೊಳ್ಳಿ ಅಂತ. ಆ ಅಮ್ಮ ದುಡ್ಡು ಮುಟ್ಟುತ್ತಿರಲಿಲ್ಲ. ಅಜ್ಜಿಯ ಬೆರಳನ್ನೇ ಹಿಡಿದು ಒಂದೊಂದೇ ನಾಣ್ಯದ ಮೇಲೆ ಇಡಿಸಿ "ಒಂದು, ಎರಡು, ಮೂರು" ಅಂತ ಎಣಿಸುತ್ತಿದ್ದರು. ವಾರ ವಾರ ಹೀಗೇ. ಅಜ್ಜಿ ಮೊದಲು ಕಲಿತ ಕನ್ನಡ ಅದೇ. ಕೊನೆಗೆ ನೆನಪು ಹೋದಾಗಲೂ ಜಪಮಣಿ ಎಣಿಸುತ್ತಾ ಒಂದೊಂದು ಸಲ ಕನ್ನಡದಲ್ಲಿ ಎಣಿಸುತ್ತಿದ್ದರು.

ಅಕ್ಕ, ಬಂದವರ ಕೈಯಿಂದ ದುಡ್ಡು ಕಿತ್ತುಕೊಂಡು ನೀವೇ ಕೊಡಬೇಡಿ. ಲೇಟ್ ಆದರೂ ಅವರೇ ಕೊಡಲಿ. ತರಕಾರಿ ಅವರೇ ಆರಿಸಲಿ.

ಇನ್ನೊಂದು. "ನಿರಾಶ್ರಿತರು" ಅಂತ ಬರೆಯುವಾಗ ಸ್ವಲ್ಪ ಯೋಚಿಸಿ. ನಮಗೆ ಈ ಪದ ಗೊತ್ತಿದೆ. ಇಲ್ಲೇ ಹುಟ್ಟಿದ ಎಷ್ಟೋ ಜನರ ಹತ್ತಿರ ಇವತ್ತಿಗೂ ಆರ್‌ಸಿ ಪುಸ್ತಕ (ವಿದೇಶಿಯರ ನೋಂದಣಿ ಪತ್ರ) ಇದೆ, ಅದನ್ನು ನವೀಕರಿಸುತ್ತಾ ಇರಬೇಕು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಆದರೂ ನಮ್ಮನ್ನು ಉಳಿಸಿಕೊಂಡಿದೆ. ಆ ಋಣ ದೊಡ್ಡದು. ಆದರೆ ತರಗತಿಯಲ್ಲಿ ಯಾರಾದರೂ ಆ ಪದ ಹೇಳಿ ಕರೆದರೆ ಮಗುವಿಗೆ ಹೆಸರೇ ಇಲ್ಲದ ಹಾಗೆ ಆಗುತ್ತದೆ. ನನಗೆ ಹಾಗೆ ಆಗಿತ್ತು.

ಮೇಷ್ಟ್ರು (ಸುಂಟಿಕೊಪ್ಪ)

ತಮ್ಮಾ, ನಿನ್ನ ಕನ್ನಡದಲ್ಲಿ ಒಂದು ತಪ್ಪೂ ಇಲ್ಲ. ನಾಳೆ ಶಾಲೆಯ ಎಲ್ಲಾ ಟೀಚರ್‌ಗಳಿಗೆ ಹೇಳುತ್ತೇನೆ, ಹಾಜರಿಯಲ್ಲಿ ಏನೇ ಇರಲಿ, ಮಕ್ಕಳನ್ನು ಹೆಸರು ಹಿಡಿದೇ ಕರೆಯಬೇಕು ಅಂತ. ಹೆಸರನ್ನು ಸರಿಯಾಗಿ ಹೇಳಲು ಆ ಮಗುವಿನ ಹತ್ತಿರವೇ ಕಲಿಯಬೇಕು.

ಜಂಬೂರು ಮನೆ

ಹೌದು. ನಮ್ಮ ಬಸ್‌ಸ್ಟಾಪಿಗೆ ತುಂಬಾ ದಿನ "ಸಂತ್ರಸ್ತರ ಕಾಲೋನಿ" ಅಂತಲೇ ಹೇಳುತ್ತಿದ್ದರು. ನನ್ನ ಮಗಳು ಒಂದು ಸ್ಟಾಪ್ ಮೊದಲೇ ಇಳಿದು ನಡೆದು ಬರುತ್ತಿದ್ದಳು.

ಸಂಪಾಜೆ ಗಡಿ

ನಮ್ಮ ಪಕ್ಕದ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳರು ಇದ್ದಾರೆ. 1964ರ ಶಾಸ್ತ್ರಿ ಸಿರಿಮಾವೋ ಒಪ್ಪಂದದ ಪ್ರಕಾರ ಬಂದವರು. ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಅವರಿಗೆ ಕೆಲಸ, ಮನೆ ಎರಡೂ ಕೊಟ್ಟರು. ನನ್ನ ಜೊತೆ ಓದಿದ ಹುಡುಗರು ಇದ್ದರು. ಅವರಿಗೆ ಇದ್ದ ದೊಡ್ಡ ಕಷ್ಟ ಏನೆಂದರೆ ಮನೆ ಕೆಲಸದ ಜೊತೆ ಬಂದದ್ದು. ಕೆಲಸ ಹೋದರೆ ಮನೆಯೂ ಹೋಯಿತು. ನಿವೃತ್ತಿ ಹತ್ತಿರ ಬಂದಾಗ ಅವರ ಅಪ್ಪಂದಿರ ಮುಖ ನೋಡಲು ಆಗುತ್ತಿರಲಿಲ್ಲ.

ಆದ್ದರಿಂದ ಕೇಳುತ್ತೇನೆ, ಈ ಕುಟುಂಬದ ಗಂಡಸರಿಗೆ ಕೆಲಸ ಏನು?

ಕಾವೇರಿ ದಡ

ಅಣ್ಣ, ಸರಿಯಾದ ಸಮಯಕ್ಕೆ ಕೇಳಿದಿರಿ. ನಿನ್ನೆಯೇ ಒಬ್ಬ ಮೇಸ್ತ್ರಿ ಮನೆಗೆ ಬಂದಿದ್ದರಂತೆ. ತೋಟದಲ್ಲಿ ಲೈನ್ ಮನೆ (ಕೆಲಸದವರಿಗೆ ತೋಟದವರೇ ಕೊಡುವ ಸಾಲುಮನೆ) ಇದೆ, ಎರಡೂ ಕುಟುಂಬ ಬರಲಿ, 40,000 ಅಡ್ವಾನ್ಸ್ ಕೊಡುತ್ತೇವೆ ಅಂದರಂತೆ. ಅವರಿಗೆ ದುಡ್ಡಿನ ಅಗತ್ಯ ತುಂಬಾ ಇದೆ. ಒಪ್ಪಿಕೊಳ್ಳೋಣವಾ ಅಂತ ನನ್ನನ್ನು ಕೇಳಿದರು.

ತೋಟದ ರೈಟರ್ (ವಿರಾಜಪೇಟೆ)

ಅಡ್ವಾನ್ಸ್ ತೆಗೆದುಕೊಳ್ಳಬೇಡಿ ಅಂತ ಹೇಳಿ. ನಾನು 22 ವರ್ಷದಿಂದ ತೋಟದಲ್ಲಿ ಲೆಕ್ಕ ಬರೆಯುವವನು. ಒಳ್ಳೆಯ ತೋಟಗಳೂ ಇವೆ, ಮನೆಯವರ ಹಾಗೆ ನೋಡಿಕೊಳ್ಳುವ ಯಜಮಾನರೂ ಇದ್ದಾರೆ. ಆದರೆ 40,000 ಅಡ್ವಾನ್ಸ್ ವಾರದ ಕೂಲಿಯಲ್ಲಿ ಕಳೆಯುತ್ತಾ ಹೋದರೆ ಮುಗಿಯುವುದೇ ಇಲ್ಲ. ನಡುವೆ ಹೆರಿಗೆ, ಜ್ವರ ಅಂತ ಮತ್ತೆ ಸಾಲ. ಸಾಲ ತೀರುವವರೆಗೆ ಹೊರಗೆ ಹೋಗಬಾರದು ಅಂದರೆ ಅದು ಜೀತ. 1976ರ ಕಾಯ್ದೆಯಲ್ಲಿ ಅದು ಅಪರಾಧ. ಹೊಸಬರಿಗೆ ಭಾಷೆ ಗೊತ್ತಿಲ್ಲ, ಕೇಳುವವರು ಯಾರೂ ಇಲ್ಲ ಅಂತ ತಿಳಿದೇ ಕೆಲವರು ಅವರನ್ನು ಹುಡುಕಿಕೊಂಡು ಬರುತ್ತಾರೆ. ಇದನ್ನು ಬರೆಯಲು ನನಗೆ ನೋವಾಗುತ್ತದೆ, ಆದರೆ ನೋಡಿದ್ದೇನೆ.

ತೋಟದ ಕೆಲಸ ಮಾಡಲಿ, ಬೇಡ ಅನ್ನುವುದಿಲ್ಲ. ಈ ಮಳೆಯಲ್ಲಿ ಕೊಯ್ಲಿಲ್ಲ, ಕೊಯ್ಲು ಶುರುವಾಗುವುದು ವರ್ಷದ ಕೊನೆಗೆ. ಈಗ ಕಳೆ, ಚಿಗುರು ತೆಗೆಯುವ ಕೆಲಸ. ಜಿಗಣೆ ಕಾಟ ಜಾಸ್ತಿ. ಪಟ್ಟಣದಲ್ಲೇ ಮನೆ ಇಟ್ಟುಕೊಂಡು ದಿನಗೂಲಿಗೆ ಹೋಗಿ ಬರಲಿ. ಕೂಲಿ ವಾರ ವಾರ ಕೈಗೆ ಬರಲಿ. ಯಾವ ದಿನ ಎಷ್ಟು ಗಂಟೆ, ಎಷ್ಟು ಸಿಕ್ಕಿತು ಅಂತ ಅವರೇ ಅವರ ಭಾಷೆಯಲ್ಲಿ ಬರೆದಿಟ್ಟುಕೊಳ್ಳಲಿ. ಆಧಾರ್ ಕಾರ್ಡ್ ಯಾರಿಗೂ ಇಟ್ಟುಕೊಳ್ಳಲು ಕೊಡಬಾರದು. ಜೆರಾಕ್ಸ್ ಸಾಕು.

ಅಂದ ಹಾಗೆ, ಗಂಡಸರು ಅಲ್ಲಿ ಏನು ಕೆಲಸ ಮಾಡುತ್ತಿದ್ದರು, ಕೇಳಿದ್ದೀರಾ?

ಕಾವೇರಿ ದಡ

ಕೇಳಿರಲಿಲ್ಲ. ಹತ್ತು ದಿನ ಅವರ ಮನೆಗೆ ಹೋಗಿ ಬಂದಿದ್ದೇನೆ, ಅದೊಂದು ಪ್ರಶ್ನೆ ಕೇಳಿರಲಿಲ್ಲ. ನಿಮ್ಮ ಮಾತು ಓದಿ ಇವತ್ತು ಸಂಜೆ ಕೇಳಿದೆ. ಅಕ್ಕನ ಗಂಡ ಬಡಗಿ. ಬಾಗಿಲು, ಮಂಚ, ಮನೆಯ ಚಾವಣಿ ಎಲ್ಲಾ ಮಾಡುತ್ತಿದ್ದವರು. ತಂಗಿಯ ಗಂಡ ಬೈಕ್ ಮೆಕ್ಯಾನಿಕ್. ಅತ್ತೆ ಮಗ್ಗದಲ್ಲಿ ನೇಯುತ್ತಿದ್ದರು. ಹೇಳುವಾಗ ಮೂವರೂ ನೆಟ್ಟಗೆ ಕೂತರು. ಬಡಗಿ ಅಣ್ಣ ನಾವು ಕೊಟ್ಟ ಟೇಬಲ್ ಹಿಡಿದು ಅಲ್ಲಾಡಿಸಿ, ಕಾಲು ಸರಿಯಾಗಿ ಕೂತಿಲ್ಲ, ಉಳಿ ಇದ್ದರೆ ಕೊಡಿ, ನಾನೇ ಸರಿ ಮಾಡುತ್ತೇನೆ ಅಂದರು.

ಸಿದ್ದಾಪುರ ಕಡೆಯವನು

ನನ್ನ ಭಾವ ಕುಶಾಲನಗರದಲ್ಲೇ ಮರದ ಕೆಲಸದ ಶೆಡ್ ಇಟ್ಟಿದ್ದಾನೆ. ಆಳು ಸಿಗುತ್ತಿಲ್ಲ ಅಂತ ದಿನಾ ಹೇಳುತ್ತಾನೆ. ನಾಳೆ ಬೆಳಿಗ್ಗೆ ಅವರನ್ನು ಕರೆದುಕೊಂಡು ಬನ್ನಿ. ನಾನೂ ಅಲ್ಲಿಗೆ ಬರುತ್ತೇನೆ.

ಕಾವೇರಿ ದಡ

ಅಣ್ಣ, ನಿಮ್ಮ ಕಾಲಿಗೆ ನಮಸ್ಕಾರ.

ಪೊನ್ನಂಪೇಟೆ ಆಂಟಿ

ಎಲ್ಲರೂ ಕಾಗದ, ಕಾನೂನು ಹೇಳಿದಿರಿ. ಊಟದ ಬಗ್ಗೆ ಯಾರೂ ಕೇಳಲಿಲ್ಲ. ಅವರು ಏನು ತಿನ್ನುತ್ತಾರೆ? ಬರೀ ಬೇಳೆ ಸಾರು ಕೊಟ್ಟು ಸುಮ್ನೆ ಕೂತಿದ್ದೀರಾ?

ಅವರದ್ದೂ ನಮ್ಮ ಹಾಗೆ ಅನ್ನದ ಊಟ, ಬಿದಿರ ಕಳಲೆಯ ಊಟ. ಹುಳಿ ಬರಿಸಿದ ಕಳಲೆಗೆ ಅಲ್ಲಿ ಸೋಯಿಬುಮ್ ಅಂತಾರೆ. ನಮ್ಮಲ್ಲೂ ಈ ಮಳೆಯಲ್ಲಿ ಬೈಂಬಳೆ, ಅದೇ ಕಳಲೆ, ಬರುತ್ತದೆಯಲ್ಲ. ಕೆಸುವಿನ ಎಲೆ, ಒಣಮೀನು, ಗಾಂಧಾರಿ ಮೆಣಸು ಕೊಟ್ಟು ನೋಡಿ. ಹಂದಿ ತಿನ್ನುತ್ತಾರಾ ಇಲ್ಲವಾ ಅಂತ ಕೇಳಿಯೇ ಕೊಡಿ. ಎಲ್ಲರೂ ತಿನ್ನುವುದಿಲ್ಲ. ಅಡುಗೆ ಮಾಡಿ ತೆಗೆದುಕೊಂಡು ಹೋಗಬೇಡಿ, ಸಾಮಾನು ಕೊಡಿ. ಅವರ ಒಲೆ ಅವರು ಹಚ್ಚಲಿ. ಬಸುರಿ ಹುಡುಗಿಗೆ ಬಾಯಿಗೆ ರುಚಿಯಾದದ್ದು ಅವಳ ಅಕ್ಕನಿಗೆ ಗೊತ್ತು, ನಮಗಲ್ಲ.

ನಮ್ಮ ಕೊಡವರ ಕಕ್ಕಡ ತಿಂಗಳು ಬರಲಿ, 18ನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡಿ ನಾನೇ ತರುತ್ತೇನೆ.

ಬೈಲುಕುಪ್ಪೆ ಹುಡುಗ

ಆಂಟಿ, ಪಾಯಸ ನಮಗೂ.

ಅಕ್ಕ, ಒಂದು ವಿಷಯ ಮರೆತಿದ್ದೆ. ಅವರು ಅಲ್ಲಿ ಯಾವ ಕಡೆಯವರು, ಯಾವ ಜನ ಅಂತ ಯಾರಾದರೂ ನಿಮ್ಮನ್ನು ಕೇಳಿದರೆ ಹೇಳಬೇಡಿ. ಇಲ್ಲೂ ಬರೆಯಬೇಡಿ. ಬೀದಿಯ ಹೆಸರು, ಮಕ್ಕಳ ಹೆಸರೂ ಬೇಡ. ಓಡಿ ಬಂದವರಿಗೆ ತಮ್ಮ ವಿಳಾಸ ಯಾರ ಕೈಯಲ್ಲಿದೆ ಅನ್ನುವುದೇ ದೊಡ್ಡ ಹೆದರಿಕೆ.

ಕಾವೇರಿ ದಡ

ಸರಿ ತಮ್ಮಾ. ಇಲ್ಲಿಯವರೆಗೂ ಬರೆದಿಲ್ಲ, ಮುಂದೆಯೂ ಬರೆಯುವುದಿಲ್ಲ.

ಕಾವೇರಿ ದಡ (ಮೂರು ವಾರದ ಮೇಲೆ)

ಏನಾಯಿತು ಅಂತ ತುಂಬಾ ಜನ ಕೇಳಿದಿರಿ.

ದೊಡ್ಡ ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಿದ್ದಾರೆ. ಮೂರು ವರ್ಷದವಳು ಅಂಗನವಾಡಿಯಲ್ಲಿ ಮೊದಲ ಎರಡು ದಿನ ಅತ್ತಳು, ಈಗ ಮನೆಗೆ ಬರಲು ಅಳುತ್ತಾಳೆ. 16ರ ಹುಡುಗ ಭಾನುವಾರ ಬಸ್ಸು ಹತ್ತಿ ಮೇಷ್ಟ್ರ ಮನೆಗೆ ಹೋಗುತ್ತಾನೆ. ತಾಯಿ ಕಾರ್ಡ್ ಆಯಿತು. ರಕ್ತ ಕಡಿಮೆ ಇದೆ ಅಂದಿದ್ದಾರೆ, ಕಬ್ಬಿಣದ ಮಾತ್ರೆ ನಡೆಯುತ್ತಿದೆ. ರೇಷನ್ ಒಬ್ಬರದ್ದು ಆಗಿದೆ, ಇನ್ನೊಂದು ಕುಟುಂಬದ್ದು ಆಧಾರ್ ಜೋಡಣೆ ಇಲ್ಲದೆ ನಿಂತಿದೆ. ಮೂರು ಸಲ ಹೋಗಿದ್ದೇವೆ, ನಾಲ್ಕನೇ ಸಲ ಹೋಗುತ್ತೇವೆ. ಮೇಸ್ತ್ರಿಗೆ ಬೇಡ ಅಂತ ಅವರೇ ಹೇಳಿದರು.

ಬಡಗಿ ಅಣ್ಣ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಶನಿವಾರ ಕೂಲಿ. ಮೆಕ್ಯಾನಿಕ್‌ಗೆ ಇನ್ನೂ ಸರಿಯಾದ ಕೆಲಸ ಸಿಕ್ಕಿಲ್ಲ. ಯಾರಿಗಾದರೂ ಗ್ಯಾರೇಜಿನವರ ಪರಿಚಯ ಇದ್ದರೆ ಹೇಳಿ.

ತಂಗಿಯ ಅತ್ತೆ, ಮನೆಯ ಅಜ್ಜಿ, ಹೊರಗೇ ಬರುತ್ತಿರಲಿಲ್ಲ. ಅವರಿಗೆ ಏನು ಮಾಡಬೇಕು ಅಂತ ನಮಗೆ ಗೊತ್ತಾಗಲಿಲ್ಲ. ಜಂಬೂರಿನ ತಂಗಿ ಒಂದು ದಿನ ಬಂದಳು, ತನ್ನ ಅತ್ತೆಯನ್ನೂ ಕರೆದುಕೊಂಡು. ಆ ಅತ್ತೆಗೆ ಹಿಂದಿ ಬರಲ್ಲ, ಈ ಅಜ್ಜಿಗೆ ಕನ್ನಡ ಬರಲ್ಲ. ಇಬ್ಬರೂ ಜಗಲಿಯ ಮೇಲೆ ಕೂತು ಬೈಂಬಳೆ ಸುಲಿದರು. ಎರಡು ಗಂಟೆ ಕೂತಿದ್ದರು. ಹೊರಡುವಾಗ ಈ ಅಜ್ಜಿ ಎದ್ದು ಗೇಟಿನವರೆಗೆ ಬಂದರು. ಮಳೆ ಹನಿಯುತ್ತಿತ್ತು. ಕೊಡೆ ಬಿಚ್ಚಿ ಅವರೇ ಹಿಡಿದುಕೊಂಡು ಬಸ್‌ಸ್ಟಾಪಿನವರೆಗೆ ಬಿಟ್ಟು ಬಂದರು.

ಸಿದ್ದಾಪುರ ಕಡೆಯವನು

ಭಾನುವಾರ ನಮ್ಮ ಕಡೆ ಏಳು ಮನೆ ಮುಗಿಯಿತು. ಇನ್ನೂ ತುಂಬಾ ಮನೆ ಇದೆ. ನೀರು ಏರುತ್ತಿದೆ, ಈ ವಾರ ಯಾವಾಗ ಬೇಕಾದರೂ ಶಾಲೆಗೆ ಹೋಗಬೇಕಾಗಬಹುದು. ಬಡಗಿ ಅಣ್ಣ ಭಾವನ ಹತ್ತಿರ ಹೇಳಿದ್ದಾರಂತೆ, ನಮ್ಮ ಮನೆಗಳ ಸಾಮಾನು ಎತ್ತರಕ್ಕೆ ಇಡಲು ಅಟ್ಟ ಮಾಡಿಕೊಡುತ್ತೇನೆ, ಹಲಗೆ ಕೊಡಿಸಿ ಸಾಕು ಅಂತ. ನಾಳೆ ಹತ್ತು ಗಂಟೆಗೆ ಶೆಡ್ಡಿನಿಂದ ಜೀಪು ಹೊರಡುತ್ತದೆ. ಸುತ್ತಿಗೆ ಹಿಡಿಯಲು ಬರುವವರು ಯಾರಿದ್ದರೂ ಬನ್ನಿ.